ನಾಯಿಯ ಅತಿಯಾದ ಬೊಗಳುವಿಕೆ: ಕಾರಣಗಳು, ನಿವಾರಣೋಪಾಯಗಳು ಹಾಗೂ ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿದೆ. ಮಳೆಯನ್ನೇ ನಂಬಿದ ಬೇಸಾಯದ ಜೊತೆಗೆ ಕುರಿ ಸಾಕಾಣಿಕೆಯು ಈ ಭಾಗದ ಅನೇಕ ಕುಟುಂಬಗಳ ಜೀವನಾಧಾರವಾಗಿದೆ. ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹೋಬಳಿಯ ಹಟ್ಟಿಗಳಲ್ಲಿ, ತೋಟದ ಮನೆಗಳಲ್ಲಿ ಹಾಗೂ ಕುರಿ ರೊಪ್ಪಗಳಲ್ಲಿ ನಾಯಿಯು ಸಂಬಳವಿಲ್ಲದ ಕಾವಲುಗಾರನಾಗಿದೆ. ಕನ್ನಡ ನಾಡಿನಲ್ಲಿ ಈ ನಂಟು ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವು ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ನೆನಪಿಗಾಗಿ ಸ್ಥಾಪಿತವಾದುದು.

ಆದರೆ ಕಾವಲಿಗೆಂದು ಸಾಕಿದ ನಾಯಿಯು ರಾತ್ರಿಯಿಡೀ ನಿಲ್ಲಿಸದೆ ಬೊಗಳಿದಲ್ಲಿ ರೋಗಿಗಳು, ವೃದ್ಧರು, ಹಸುಗೂಸುಗಳು, ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಹಾಗೂ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಕಾರ್ಮಿಕರು ತೊಂದರೆಗೆ ಒಳಗಾಗುತ್ತಾರೆ. ಸಣ್ಣದಾಗಿ ಆರಂಭವಾದ ಅಸಮಾಧಾನವು ಅಕ್ಕಪಕ್ಕದ ಮನೆಗಳ ಜಗಳವಾಗಿ, ಕೆಲವೊಮ್ಮೆ ನಾಯಿಗೆ ವಿಷವಿಡುವ ಅಪರಾಧದವರೆಗೂ ಹೋಗುವುದುಂಟು. ಇದನ್ನು ತಪ್ಪಿಸುವ ಸಲುವಾಗಿ ನಾಯಿ ಸಾಕಿರುವವರು ಹಾಗೂ ತೊಂದರೆಗೊಳಗಾದವರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಗಮನಿಸಬೇಕಾದ ಅಂಶವೆಂದರೆ, ನಾಯಿಯನ್ನು ಮೂಕವಾಗಿಸುವುದು ಉದ್ದೇಶವಲ್ಲ. ಬೊಗಳುವುದು ನಾಯಿಯ ಭಾಷೆ. ಅದು ಏನನ್ನು ತಿಳಿಸುತ್ತಿದೆ ಎಂಬುದನ್ನು ಅರಿತು ಕಾರಣವನ್ನು ನಿವಾರಿಸಿದಲ್ಲಿ ಅನಗತ್ಯ ಬೊಗಳುವಿಕೆ ತಾನಾಗಿ ಕಡಿಮೆಯಾಗುತ್ತದೆ. ಕಾರಣವನ್ನು ಹಾಗೆಯೇ ಉಳಿಸಿ ಸದ್ದನ್ನು ಮಾತ್ರ ಅಡಗಿಸಲು ಹೊರಟಲ್ಲಿ ನಾಯಿಯು ಕಚ್ಚುವ ಹಂತಕ್ಕೆ ಹೋಗಬಹುದು.

1. ನಾಯಿ ಬೊಗಳಲು ಮುಖ್ಯ ಕಾರಣಗಳು

ಅ) ಎಚ್ಚರಿಕೆ: ಅಪರಿಚಿತ ವ್ಯಕ್ತಿ, ವಾಹನ, ದನಕರು ಅಥವಾ ಕಾಡುಪ್ರಾಣಿ ತನ್ನ ಜಾಗದ ಹತ್ತಿರ ಬಂದಾಗ ಬೊಗಳುವುದು. ಮನುಷ್ಯನು ಕೇಳಬಲ್ಲ ಶಬ್ದದ ಮಿತಿಯು ಸುಮಾರು 20,000 ಹರ್ಟ್ಸ್ ಆಗಿದ್ದರೆ, ನಾಯಿಯು 40,000 ಹರ್ಟ್ಸ್‌ಗೂ ಮೇಲ್ಪಟ್ಟ ಶಬ್ದವನ್ನು ಕೇಳಬಲ್ಲದು. ಆದುದರಿಂದ ‘ಏನೂ ಇಲ್ಲದೆ ಬೊಗಳುತ್ತಿದೆ’ ಎಂದು ಮನೆಯವರಿಗೆ ತೋರಿದರೂ ನಾಯಿಗೆ ಏನೋ ಕೇಳಿಸಿರಬಹುದು.

ಆ) ಭಯ: ಪಟಾಕಿ, ಗುಡುಗು, ಧ್ವನಿವರ್ಧಕ, ಕೋಲು ಹಿಡಿದ ವ್ಯಕ್ತಿ ಇತ್ಯಾದಿ.

ಇ) ಒಂಟಿತನ ಮತ್ತು ಬೇಸರ: ಹಗಲಿಡೀ ಸರಪಳಿಯಲ್ಲಿ ಕಟ್ಟಿಹಾಕಿದ, ಓಡಾಟವಿಲ್ಲದ ನಾಯಿಯು ಒಂದೇ ಸ್ವರದಲ್ಲಿ ದೀರ್ಘಕಾಲ ಬೊಗಳುತ್ತದೆ. ಅತಿಯಾದ ಬೊಗಳುವಿಕೆಗೆ ಇದು ಬಹು ಸಾಮಾನ್ಯ ಕಾರಣವಾಗಿದೆ.

ಈ) ಗಮನ ಸೆಳೆಯುವಿಕೆ: ಬೊಗಳಿದೊಡನೆ ಊಟ ದೊರೆತರೆ, ಬಾಗಿಲು ತೆರೆದರೆ, ಬೊಗಳುವುದರಿಂದ ಕೆಲಸವಾಗುತ್ತದೆ ಎಂಬುದನ್ನು ನಾಯಿಯು ಬೇಗ ಕಲಿಯುತ್ತದೆ.

ಉ) ಹಸಿವು, ಬಾಯಾರಿಕೆ, ಬಿಸಿಲು, ಚಳಿ.

ಊ) ನೋವು ಮತ್ತು ಕಾಯಿಲೆ: ಕಿವಿಯ ಸೋಂಕು, ಉಣ್ಣೆಯ ಬಾಧೆ, ಕೀಲುನೋವು, ಗಾಯ ಇತ್ಯಾದಿ. ವಯಸ್ಸಾದ ನಾಯಿಗಳಲ್ಲಿ ದೃಷ್ಟಿ ಹಾಗೂ ಶ್ರವಣಶಕ್ತಿ ಕುಂದಿ ರಾತ್ರಿ ವೇಳೆ ದಿಕ್ಕು ತೋಚದೆ ಬೊಗಳುವುದುಂಟು.

ಋ) ಬೆದೆಯ ಕಾಲ: ಹೆಣ್ಣು ನಾಯಿ ಬೆದೆಗೆ ಬಂದಾಗ ಸುತ್ತಲಿನ ಗಂಡು ನಾಯಿಗಳು ಗುಂಪುಗೂಡಿ ಕಚ್ಚಾಡುವುದು ಹಾಗೂ ಬೊಗಳುವುದು.

2. ಕಾರಣವನ್ನು ಗುರುತಿಸುವ ವಿಧಾನ

ಯಾವುದೇ ಕ್ರಮ ಕೈಗೊಳ್ಳುವ ಮೊದಲು ನಾಯಿಯ ಮಾಲೀಕರು ಒಂದು ಪುಸ್ತಕದಲ್ಲಿ ಏಳು ದಿನಗಳ ವಿವರವನ್ನು ಬರೆದಿಡುವುದು ಸೂಕ್ತ. ದಿನಾಂಕ, ಬೊಗಳಲು ಆರಂಭಿಸಿದ ಸಮಯ, ನಿಲ್ಲಿಸಿದ ಸಮಯ, ಆಗ ಎದುರಿಗೆ ಏನಿತ್ತು, ಮನೆಯವರು ಏನು ಮಾಡಿದರು, ನಾಯಿ ಹೇಗೆ ಸುಮ್ಮನಾಯಿತು ಎಂಬ ಆರು ಅಂಶಗಳು ಸಾಕು.

ಉದಾಹರಣೆಗೆ, ಕಳ್ಳಂಬೆಳ್ಳದ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಒಂದು ಮನೆಯ ನಾಯಿಯು ರಾತ್ರಿ 11 ಗಂಟೆಯಿಂದ ಬೆಳಗಿನ ಜಾವದವರೆಗೆ ಬಿಟ್ಟುಬಿಟ್ಟು ಬೊಗಳುತ್ತದೆ ಎಂದಿಟ್ಟುಕೊಳ್ಳೋಣ. ವಿವರವನ್ನು ಪರಿಶೀಲಿಸಿದಾಗ, ಲಾರಿಯ ದೀಪದ ಬೆಳಕು ಅಂಗಳಕ್ಕೆ ಬಿದ್ದಾಗಲೆಲ್ಲ ಬೊಗಳುವುದು ಕಂಡುಬಂದರೆ, ಕಟ್ಟುವ ಜಾಗವನ್ನು ಮನೆಯ ಹಿಂಬದಿಗೆ ಬದಲಾಯಿಸುವುದು ಅಥವಾ ರಸ್ತೆಯ ಕಡೆಗೆ ಒಂದು ತಡಿಕೆ ಕಟ್ಟುವುದೇ ಪರಿಹಾರ. ಅದೇ ನಾಯಿಯು ಮನೆಯವರು ಹೊಲಕ್ಕೆ ಹೋದ ಹಗಲಿನ ವೇಳೆಯಲ್ಲಿ ಮಾತ್ರ ಬೊಗಳುವುದಾದರೆ ಕಾರಣ ಒಂಟಿತನ. ಆಗ ತಡಿಕೆಯಿಂದ ಪ್ರಯೋಜನವಿಲ್ಲ. ಸದ್ದು ಒಂದೇ ಆದರೂ ಪರಿಹಾರ ಬೇರೆ ಬೇರೆ.

3. ಮಾಲೀಕರು ಕೈಗೊಳ್ಳಬೇಕಾದ ಕ್ರಮಗಳು

ಅ) ನಾಯಿಯನ್ನು ದಿನವಿಡೀ ಕಟ್ಟಿಹಾಕಬಾರದು. ಬೆಳಿಗ್ಗೆ ಮತ್ತು ಸಂಜೆ ತಲಾ ಅರ್ಧ ಗಂಟೆಯಾದರೂ ಹಗ್ಗ ಹಿಡಿದು ನಡೆಸಬೇಕು. ದಣಿದ ನಾಯಿಯು ರಾತ್ರಿ ನೆಮ್ಮದಿಯಿಂದ ಮಲಗುತ್ತದೆ. ಅಲ್ಪ ಉದ್ದದ ಅಥವಾ ಅತಿ ಭಾರದ ಸರಪಳಿಯಲ್ಲಿ ದೀರ್ಘಕಾಲ ಕಟ್ಟುವುದು ಮತ್ತು ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ನೀಡದಿರುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಕಲಂ 11ರ ಅಡಿಯಲ್ಲಿ ಅಪರಾಧವಾಗಿರುತ್ತದೆ.

ಆ) ಊಟದ ಸಮಯ ನಿಗದಿಯಾಗಿರಬೇಕು. ಮುದ್ದೆ, ಅನ್ನ ಏನೇ ಇರಲಿ, ಸಂಜೆಯ ಊಟವನ್ನು ಪ್ರತಿದಿನ ಒಂದೇ ವೇಳೆಗೆ ನೀಡಬೇಕು. ಶುದ್ಧ ನೀರು ಸದಾ ಲಭ್ಯವಿರಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಶೀಟಿನ ಕೆಳಗೆ ಅಥವಾ ಸಿಮೆಂಟ್ ನೆಲದ ಮೇಲೆ ಕಟ್ಟದೆ ಮರದ ನೆರಳಿನಲ್ಲಿ ಇರಿಸಬೇಕು.

ಇ) ಬೀದಿ ಕಾಣುವ ಗೇಟಿನ ಸಂದುಗಳನ್ನು ತೆಂಗಿನ ಗರಿ, ಚಾಪೆ ಅಥವಾ ತಗಡಿನಿಂದ ಮರೆಮಾಡಿದಲ್ಲಿ ದಾರಿಹೋಕರನ್ನು ಕಂಡು ಬೊಗಳುವುದು ಕಡಿಮೆಯಾಗುತ್ತದೆ.

ಈ) ಬೊಗಳಿದಾಗ ಗದರಬಾರದು. ಮಾಲೀಕರು ಕೂಗಿದಲ್ಲಿ, ತನ್ನೊಡನೆ ಅವರೂ ಬೊಗಳುತ್ತಿದ್ದಾರೆ ಎಂಬಂತೆ ನಾಯಿಯು ಮತ್ತಷ್ಟು ಉತ್ಸಾಹಗೊಳ್ಳಬಹುದು.

ಉ) ಗಮನ ಸೆಳೆಯಲು ಬೊಗಳುವ ನಾಯಿಗೆ ಆ ಕ್ಷಣದಲ್ಲಿ ಏನನ್ನೂ ನೀಡದೆ, ಸುಮ್ಮನಾದ ನಂತರವೇ ನೀಡಬೇಕು. ಈ ಕ್ರಮವನ್ನು ಆರಂಭಿಸಿದ ಮೊದಲ ಕೆಲವು ದಿನ ಬೊಗಳುವಿಕೆ ಹೆಚ್ಚಾಗುವುದು ಸಹಜ. ಆ ಹಂತದಲ್ಲಿ ಬೇಸತ್ತು ಊಟ ಹಾಕಿದಲ್ಲಿ, ಇನ್ನೂ ಜೋರಾಗಿ ಬೊಗಳಬೇಕು ಎಂಬ ಪಾಠವನ್ನೇ ಕಲಿಸಿದಂತಾಗುತ್ತದೆ. ಮನೆಯ ಎಲ್ಲ ಸದಸ್ಯರೂ ಒಂದೇ ರೀತಿ ನಡೆದುಕೊಳ್ಳುವುದು ಅತ್ಯವಶ್ಯಕ.

ಊ) ಭಯದಿಂದ ಬೊಗಳುವ ನಾಯಿಗೆ ಭಯದ ವಸ್ತುವನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಪರಿಚಯಿಸುತ್ತಾ, ಅದೇ ವೇಳೆಗೆ ಇಷ್ಟದ ತಿನಿಸು ನೀಡಬೇಕು. ಗಂಟೆಯಂತಹ ಸಂಕೇತದೊಡನೆ ಊಟವನ್ನು ಮತ್ತೆ ಮತ್ತೆ ಜೋಡಿಸಿದಲ್ಲಿ ಆ ಸಂಕೇತಕ್ಕೇ ನಾಯಿಯು ಜೊಲ್ಲು ಸುರಿಸುವುದನ್ನು ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ತೋರಿಸಿಕೊಟ್ಟರು. ಅದೇ ತತ್ವದಿಂದ ಭಯದ ಶಬ್ದವನ್ನೂ ಹಿತವಾದ ಅನುಭವದೊಡನೆ ಜೋಡಿಸಬಹುದು. ದೀಪಾವಳಿಯ ದಿನಗಳಲ್ಲಿ ನಾಯಿಯನ್ನು ಒಳಕೋಣೆಯಲ್ಲಿ ಇರಿಸುವುದು ಒಳಿತು.

ಋ) ಸಂತಾನಹರಣ ಚಿಕಿತ್ಸೆ ಮಾಡಿಸಿದಲ್ಲಿ ಬೆದೆಯ ಕಾಲದ ಅಲೆದಾಟ, ಕಚ್ಚಾಟ ಮತ್ತು ಅದಕ್ಕೆ ಸಂಬಂಧಿಸಿದ ಗದ್ದಲ ಕಡಿಮೆಯಾಗುತ್ತದೆ. ಒಂಟಿತನ ಅಥವಾ ಭಯದಿಂದ ಬೊಗಳುವ ನಾಯಿಗೆ ಇದೊಂದೇ ಪರಿಹಾರವಾಗದು.

4. ‘ಸಾಕು’ ಎಂಬ ಆಜ್ಞೆಯ ಅಭ್ಯಾಸ

ಕಾವಲು ನಾಯಿಯು ಬೊಗಳಬೇಕು, ಆದರೆ ಹೇಳಿದಾಗ ನಿಲ್ಲಿಸಬೇಕು. ಇದಕ್ಕೆ ಕೆಳಕಂಡ ಹಂತಗಳನ್ನು ಅನುಸರಿಸಬಹುದು.

(1) ನಾಯಿಯು ಮೂರು ನಾಲ್ಕು ಬಾರಿ ಬೊಗಳಲು ಬಿಟ್ಟು, ಮಾಲೀಕರು ಎದ್ದು ಆ ದಿಕ್ಕಿನಲ್ಲಿ ನೋಡಬೇಕು. ತಾನು ತಿಳಿಸಿದ ವಿಷಯ ಯಜಮಾನನಿಗೆ ತಲುಪಿತು ಎಂಬುದು ನಾಯಿಗೆ ಮನವರಿಕೆಯಾಗುವುದು ಮುಖ್ಯ.

(2) ನಂತರ ಶಾಂತವಾದ ದನಿಯಲ್ಲಿ ‘ಸಾಕು’ ಎಂದು ಒಮ್ಮೆ ಮಾತ್ರ ಹೇಳಿ, ರೊಟ್ಟಿಯ ಚೂರು ಅಥವಾ ಬೇಯಿಸಿದ ಮೊಟ್ಟೆಯ ಚೂರನ್ನು ಮೂಗಿನ ಹತ್ತಿರ ಹಿಡಿಯಬೇಕು. ಮೂಸಿ ನೋಡುವಾಗ ನಾಯಿಯು ಸಾಮಾನ್ಯವಾಗಿ ಬೊಗಳುವುದನ್ನು ನಿಲ್ಲಿಸುತ್ತದೆ.

(3) ಎರಡು ಮೂರು ಸೆಕೆಂಡು ಸುಮ್ಮನಿದ್ದೊಡನೆ ತಿನಿಸು ನೀಡಿ ಬೆನ್ನು ಸವರಬೇಕು. ಮುಂದೆ ಈ ಅವಧಿಯನ್ನು 5, 10, 30 ಸೆಕೆಂಡುಗಳಿಗೆ ಕ್ರಮೇಣ ಹೆಚ್ಚಿಸಬೇಕು.

(4) ದಿನಕ್ಕೆ ಐದು ನಿಮಿಷದಂತೆ ಎರಡು ಮೂರು ಬಾರಿ, ಕೆಲವು ವಾರಗಳ ಕಾಲ ಬಿಡದೆ ಅಭ್ಯಾಸ ಮಾಡಿಸಬೇಕು. ಕಲಿತ ಮೇಲೆ ತಿನಿಸನ್ನು ಕಡಿಮೆ ಮಾಡಿ ಮೆಚ್ಚುಗೆಯ ಮಾತನ್ನು ಮುಂದುವರಿಸಬೇಕು.

5. ಕುರಿ ಕಾಯುವ ನಾಯಿಗಳು ಮತ್ತು ಕಾಡಂಚಿನ ಗ್ರಾಮಗಳು

ಮಧುಗಿರಿ, ಕೊರಟಗೆರೆ, ಶಿರಾ ಹಾಗೂ ಪಾವಗಡ ತಾಲ್ಲೂಕುಗಳ ಬೆಟ್ಟಗುಡ್ಡಗಳಲ್ಲಿ ಚಿರತೆ ಮತ್ತು ಕರಡಿಗಳ ಸಂಚಾರವಿದೆ. ಇಂತಹ ಕಡೆ ರೊಪ್ಪದ ನಾಯಿಯ ಬೊಗಳುವಿಕೆಯನ್ನು ತೊಂದರೆ ಎಂದು ತಳ್ಳಿಹಾಕುವಂತಿಲ್ಲ. ಪ್ರತಿದಿನದಂತಲ್ಲದೆ ಒಂದೇ ದಿಕ್ಕಿಗೆ ಮುಖಮಾಡಿ ಒಂದೇ ಸಮನೆ ಬೊಗಳುವುದು, ಹಿಂದೆ ಹಿಂದೆ ಸರಿಯುವುದು, ಬೊಗಳುತ್ತಿದ್ದ ನಾಯಿಯು ಇದ್ದಕ್ಕಿದ್ದಂತೆ ಮೌನವಾಗಿ ಮನೆಯೊಳಗೆ ನುಗ್ಗುವುದು ಇವು ಕಾಡುಪ್ರಾಣಿ ಹತ್ತಿರವಿರುವ ಸೂಚನೆಯಾಗಿರಬಹುದು. ಆಗ ಕತ್ತಲೆಯಲ್ಲಿ ಒಬ್ಬರೇ ಹೊರಗೆ ಹೋಗದೆ, ದೀಪ ಹಾಕಿ, ನೆರೆಯವರನ್ನು ಕೂಗಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.

ನಾಯಿಯೂ ಚಿರತೆಗೆ ಆಹಾರವೇ ಆಗಿದೆ. ಅಂಗಳದಲ್ಲಿ ಕಟ್ಟಿಹಾಕಿದ ನಾಯಿಯು ಓಡಿ ತಪ್ಪಿಸಿಕೊಳ್ಳಲಾರದು. ಅಲ್ಲದೆ ಅದು ಚಿರತೆಯನ್ನು ಮನೆಯ ಬಾಗಿಲಿಗೇ ಕರೆದಂತಾಗುತ್ತದೆ. ಆದುದರಿಂದ ಕಾಡಂಚಿನ ಗ್ರಾಮಗಳಲ್ಲಿ ರಾತ್ರಿ ನಾಯಿಯನ್ನು ಬಾಗಿಲಿರುವ ಭದ್ರವಾದ ಗೂಡಿನಲ್ಲಿ ಇರಿಸುವುದು ಕ್ಷೇಮಕರ. ಇದರಿಂದ ಸದ್ದೂ ಕಡಿಮೆಯಾಗುತ್ತದೆ, ನಾಯಿಯೂ ಉಳಿಯುತ್ತದೆ.

6. ಮಾಡಬಾರದ ಕಾರ್ಯಗಳು

• ಹೊಡೆಯುವುದು, ಕಲ್ಲೆಸೆಯುವುದು, ಬಿಸಿನೀರು ಎರಚುವುದು.
• ಬಾಯಿಗೆ ಹಗ್ಗ ಅಥವಾ ಬಟ್ಟೆಯನ್ನು ಬಿಗಿದು ಬಿಡುವುದು. ನಾಯಿಯು ಬಾಯಿ ತೆರೆದು ಏದುವ ಮೂಲಕವೇ ದೇಹದ ಉಷ್ಣತೆಯನ್ನು ಕಡಿಮೆ ಮಾಡಿಕೊಳ್ಳುವುದರಿಂದ ಬೇಸಿಗೆಯಲ್ಲಿ ಇದು ಪ್ರಾಣಾಪಾಯಕ್ಕೆ ದಾರಿಯಾಗುತ್ತದೆ.
• ವಿದ್ಯುತ್ ಆಘಾತ ನೀಡುವ ಕೊರಳಪಟ್ಟಿಗಳನ್ನು ಬಳಸುವುದು. ನೋವು ಮತ್ತು ಭಯ ಹೆಚ್ಚಿ ನಾಯಿಯು ಆಕ್ರಮಣಕಾರಿಯಾಗುವ ಸಂಭವವಿರುತ್ತದೆ.
• ಮನುಷ್ಯರು ಸೇವಿಸುವ ನಿದ್ರೆ ಮಾತ್ರೆ ಅಥವಾ ಮದ್ಯ ನೀಡುವುದು.
• ವಿಷವಿಡುವುದು. ಇಂತಹ ವಿಷವು ನಾಯಿಗೆ ಮಾತ್ರ ಸೀಮಿತವಾಗದೆ ಕುರಿ, ಕೋಳಿ, ಕಾಗೆಗಳಿಗೂ, ಅಂಗಳದಲ್ಲಿ ಆಡುವ ಮಕ್ಕಳಿಗೂ ಅಪಾಯಕಾರಿ. ಪ್ರಾಣಿಗೆ ವಿಷವಿಡುವುದು, ಕೊಲ್ಲುವುದು ಅಥವಾ ಅಂಗಹೀನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 325ರ ಅಡಿಯಲ್ಲಿ ಐದು ವರ್ಷಗಳವರೆಗಿನ ಕಾರಾವಾಸ ಅಥವಾ ಜುಲ್ಮಾನೆ ಅಥವಾ ಎರಡರಿಂದಲೂ ದಂಡನೀಯವಾಗಿರುತ್ತದೆ.

7. ಬೊಗಳುವ ದನಿ ಬದಲಾದಲ್ಲಿ: ವಿಶೇಷ ಎಚ್ಚರಿಕೆ

ನಾಯಿಯ ದನಿಯು ಏಕಾಏಕಿ ಒಡೆದಂತಾಗುವುದು, ಬೊಗಳು ಊಳಾಗಿ ಬದಲಾಗುವುದು, ಜೊಲ್ಲು ಸುರಿಯುವುದು, ನುಂಗಲಾಗದಿರುವುದು, ಗುರುತಿರುವವರ ಮೇಲೂ ಎರಗುವುದು, ಕತ್ತಲ ಮೂಲೆ ಸೇರುವುದು ಇವು ಹುಚ್ಚುನಾಯಿ ರೋಗದ, ಅಂದರೆ ರೇಬೀಸ್‌ನ ಲಕ್ಷಣಗಳಾಗಿರಬಹುದು. ಗಂಟಲಿನ ಸ್ನಾಯುಗಳು ಪಾರ್ಶ್ವವಾಯುವಿಗೆ ತುತ್ತಾಗುವುದರಿಂದ ದನಿ ಬದಲಾಗುತ್ತದೆ. ಇದನ್ನು ಗಂಟಲಿನಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ತಪ್ಪಾಗಿ ಭಾವಿಸಿ ಬಾಯಿಯೊಳಗೆ ಕೈ ಹಾಕುವುದು ಅತ್ಯಂತ ಅಪಾಯಕರ. ಅಂತಹ ನಾಯಿಯಿಂದ ಮಕ್ಕಳನ್ನು ಮತ್ತು ಜಾನುವಾರುಗಳನ್ನು ದೂರವಿರಿಸಿ, ಕೂಡಲೇ ಸಮೀಪದ ಪಶುವೈದ್ಯರಿಗೆ ತಿಳಿಸಬೇಕು.

ನಾಯಿ ಕಚ್ಚಿದಲ್ಲಿ, ಪರಚಿದಲ್ಲಿ ಅಥವಾ ಗಾಯಕ್ಕೆ ಜೊಲ್ಲು ತಗುಲಿದಲ್ಲಿ ಆ ಭಾಗವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷಗಳ ಕಾಲ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ತೆರಳಿ ಲಸಿಕೆ ಪಡೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ವೈದ್ಯರು ತಿಳಿಸಿದ ಎಲ್ಲ ದಿನಗಳ ಚುಚ್ಚುಮದ್ದನ್ನೂ ತಪ್ಪದೆ ಪೂರ್ಣಗೊಳಿಸಬೇಕು. ರೋಗಲಕ್ಷಣ ಕಾಣಿಸಿಕೊಂಡ ನಂತರ ರೇಬೀಸ್ ಬಹುತೇಕ ಮಾರಣಾಂತಿಕ; ಸಕಾಲದ ಲಸಿಕೆಯೇ ರಕ್ಷಣೆ.

ಸಾಕುನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ರೇಬೀಸ್ ಲಸಿಕೆ ಹಾಕಿಸಿ, ನಂತರ ಪಶುವೈದ್ಯರ ಸಲಹೆಯಂತೆ ಪ್ರತಿ ವರ್ಷ ಪುನರಾವರ್ತಿಸಬೇಕು. ಲಸಿಕೆಯ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಸೆಪ್ಟೆಂಬರ್ 28ನ್ನು ಪ್ರತಿ ವರ್ಷ ವಿಶ್ವ ರೇಬೀಸ್ ದಿನವಾಗಿ ಆಚರಿಸಲಾಗುತ್ತದೆ.

8. ತೊಂದರೆಗೊಳಗಾದ ಸಾರ್ವಜನಿಕರು ಅನುಸರಿಸಬೇಕಾದ ಕ್ರಮ

ಹಂತ 1: ನೆರೆಯವರೊಡನೆ ಹಗಲಿನ ವೇಳೆಯಲ್ಲಿ, ಸಮಾಧಾನದಿಂದ ಮಾತನಾಡುವುದು. ಅನೇಕ ವೇಳೆ ಮನೆಯವರು ಹೊರಗೆ ಹೋದಾಗ ಮಾತ್ರ ನಾಯಿ ಬೊಗಳುವುದರಿಂದ ಮಾಲೀಕರಿಗೆ ವಿಷಯವೇ ತಿಳಿದಿರುವುದಿಲ್ಲ.

ಹಂತ 2: ಏಳು ದಿನಗಳ ದಿನಾಂಕ, ಸಮಯ ಮತ್ತು ಅವಧಿಯನ್ನು ಬರೆದಿಡುವುದು. ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು.

ಹಂತ 3: ಗ್ರಾಮೀಣ ಪ್ರದೇಶದಲ್ಲಿ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಪಟ್ಟಣ ಪ್ರದೇಶದಲ್ಲಿ ಸಂಬಂಧಿಸಿದ ನಗರ ಸ್ಥಳೀಯ ಸಂಸ್ಥೆಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಮನವಿಯಲ್ಲಿ ಅರ್ಜಿದಾರರ ಹೆಸರು ಮತ್ತು ವಿಳಾಸ, ನಾಯಿ ಇರುವ ಸ್ಥಳ, ತೊಂದರೆಯ ಸ್ವರೂಪ, ಏಳು ದಿನಗಳ ವಿವರ, ಈಗಾಗಲೇ ಮಾತನಾಡಿದ ದಿನಾಂಕ ಹಾಗೂ ಕೋರುವ ಪರಿಹಾರ ಇರಬೇಕು.

ಹಂತ 4: ರಾಜಿಯ ಮೂಲಕ ಬಗೆಹರಿಸಿಕೊಳ್ಳಲು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸುವುದು. ವ್ಯಾಜ್ಯ ಹೂಡುವ ಮೊದಲೇ ಲೋಕ ಅದಾಲತ್ ಮೂಲಕ ಇತ್ಯರ್ಥಪಡಿಸಿಕೊಳ್ಳುವ ಅವಕಾಶ ಇಲ್ಲಿದೆ.

ಹಂತ 5: ತೊಂದರೆಯು ಒಂದು ಮನೆಗೆ ಸೀಮಿತವಾಗದೆ ಸಾರ್ವಜನಿಕ ಉಪದ್ರವದ ಸ್ವರೂಪದಲ್ಲಿದ್ದರೆ ಪೊಲೀಸ್ ಠಾಣೆಗೆ ದೂರು ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 152ರ ಅಡಿಯಲ್ಲಿ ಉಪವಿಭಾಗೀಯ ದಂಡಾಧಿಕಾರಿಯವರು ಉಪದ್ರವ ನಿವಾರಣೆಗೆ ಷರತ್ತುಬದ್ಧ ಆದೇಶ ಹೊರಡಿಸಬಹುದಾಗಿದೆ. ಒಂದೇ ಮನೆಗೆ ಸಂಬಂಧಿಸಿದ ಖಾಸಗಿ ಉಪದ್ರವಕ್ಕೆ ಸಿವಿಲ್ ನ್ಯಾಯಾಲಯವೇ ದಾರಿ.

ಅಪಾಯಕಾರಿ ನಾಯಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಮನುಷ್ಯರ ಜೀವಕ್ಕೆ ಅಪಾಯ ಒಡ್ಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 291ರ ಅಡಿಯಲ್ಲಿ ಪ್ರತ್ಯೇಕ ಅಪರಾಧವಾಗಿದ್ದು, ಇದನ್ನು ಬೊಗಳುವಿಕೆಯ ದೂರಿನೊಡನೆ ಬೆರೆಸದೆ ಪ್ರತ್ಯೇಕವಾಗಿ ತಿಳಿಸುವುದು ಸೂಕ್ತ.

9. ಬೀದಿನಾಯಿಗಳ ಗದ್ದಲ

ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂತಹ ಆವರಣಗಳಿಂದ ಬೀದಿನಾಯಿಗಳನ್ನು ಹೊರಸಾಗಿಸುವಂತೆ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ನಿರ್ದೇಶಿಸಿತು. ಸಾರ್ವಜನಿಕರು ತಾವೇ ನಾಯಿಗಳನ್ನು ಹಿಡಿದು ಬೇರೆ ಊರಿನ ಗಡಿಯಲ್ಲಿ ಬಿಡುವಂತಿಲ್ಲ. ಕೋಳಿ ಅಂಗಡಿಯ ತ್ಯಾಜ್ಯ ಹಾಗೂ ಮದುವೆ, ಜಾತ್ರೆಗಳ ನಂತರದ ಎಂಜಲನ್ನು ಬೀದಿಗೆ ಸುರಿಯದಿದ್ದಲ್ಲಿ ನಾಯಿಗಳು ಗುಂಪುಗೂಡಿ ಕಚ್ಚಾಡುವುದು ಗಣನೀಯವಾಗಿ ಕಡಿಮೆಯಾಗುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬುದು ನಿಜವೇ?
ಉತ್ತರ: ಗಾದೆಯು ಮನುಷ್ಯರ ಸ್ವಭಾವವನ್ನು ಕುರಿತದ್ದು. ಭಯದಿಂದ ಬೊಗಳುವ ನಾಯಿಯನ್ನು ಮೂಲೆಗೆ ಒತ್ತಿದಲ್ಲಿ ಖಂಡಿತ ಕಚ್ಚಬಹುದು.

ಪ್ರಶ್ನೆ: ರಾತ್ರಿ 10 ಗಂಟೆಯ ನಂತರ ನಾಯಿ ಬೊಗಳಿದರೆ ದಂಡ ವಿಧಿಸಲಾಗುತ್ತದೆಯೇ?
ಉತ್ತರ: ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000ರಲ್ಲಿ ವಾಸದ ಪ್ರದೇಶಕ್ಕೆ ಹಗಲು 55 ಮತ್ತು ರಾತ್ರಿ 45 ಡೆಸಿಬಲ್ ಮಿತಿಯಿದ್ದು, ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ. ಇದರಲ್ಲಿ ನಾಯಿಯ ಬೊಗಳುವಿಕೆಗೆಂದೇ ಪ್ರತ್ಯೇಕ ದಂಡವನ್ನು ನಮೂದಿಸಿಲ್ಲ. ಮೇಲಿನ 8ನೇ ಅಂಶದಲ್ಲಿನ ಕ್ರಮವನ್ನೇ ಅನುಸರಿಸಬೇಕು.

ಪ್ರಶ್ನೆ: ಎಲ್ಲ ಪ್ರಯತ್ನದ ನಂತರವೂ ಬೊಗಳುವುದು ನಿಲ್ಲದಿದ್ದರೆ?
ಉತ್ತರ: ಏಳು ದಿನಗಳ ವಿವರದ ಪುಸ್ತಕದೊಂದಿಗೆ ನಾಯಿಯನ್ನು ಪಶುವೈದ್ಯರ ಬಳಿ ಕರೆದೊಯ್ಯಬೇಕು. ಹೊರಗೆ ಕಾಣದ ನೋವು ಇರಬಹುದು. ಪಶುವೈದ್ಯಕೀಯ ನೆರವಿಗೆ 1962 ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಪ್ರಶ್ನೆ: ಬೇಡವಾದ ನಾಯಿಯನ್ನು ಊರ ಹೊರಗೆ ಬಿಟ್ಟುಬರಬಹುದೇ?
ಉತ್ತರ: ಇಲ್ಲ. ಸೂಕ್ತ ಕಾರಣವಿಲ್ಲದೆ ನೋವಿಗೆ ಗುರಿಯಾಗುವಂತೆ ಸಾಕುಪ್ರಾಣಿಯನ್ನು ತೊರೆಯುವುದೂ 1960ರ ಅಧಿನಿಯಮದ ಕಲಂ 11ರ ಅಡಿಯಲ್ಲಿ ಅಪರಾಧ. ಸಾಕಲು ಒಪ್ಪುವ ಮತ್ತೊಂದು ಮನೆಗೆ ನೀಡಬಹುದು.

ನಾಯಿಯ ಸದ್ದಿನ ದೂರುಗಳ ಪೈಕಿ ಬಹುಪಾಲು ನಾಯಿಯ ಮನೆಯ ಅಂಗಳದಲ್ಲಿಯೇ ಪರಿಹಾರವಾಗಬಲ್ಲವು. ನೆರೆಯವರ ನಿದ್ರೆ ಮತ್ತು ಕಾವಲು ನಾಯಿಯ ಜೀವ ಎರಡನ್ನೂ ಉಳಿಸುವ ಹೊಣೆ ಮೊದಲಿಗೆ ಮಾಲೀಕರದ್ದಾಗಿದ್ದು, ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.